ಲೋಕಲ್ ಗಾರ್ಡಿಯನ್ ಸಹಿ

ಜೂನ್ ಬಂತೆಂದರೆ ಕೋಥರೂಡಿನ ನಮ್ಮ ಎರಡು ಬೆಡ್‌ರೂಮಿನ ಮನೆ ಧರ್ಮಶಾಲೆಯಾಗುತ್ತದೆ. ಧಾರವಾಡ, ವಿಜಯಪುರ, ಬೆಳಗಾವಿ ಕಡೆಯಿಂದ ಯಾರಾದರೊಬ್ಬರು ಮಗನನ್ನೋ ಮಗಳನ್ನೋ ಕರೆದುಕೊಂಡು ಬಂದೇ ಬರುತ್ತಾರೆ. ನಸುಕಿನಲ್ಲಿ ಚಾಂದಣಿ ಚೌಕದಲ್ಲಿ ಬಸ್ಸಿಳಿದು, ರಿಕ್ಷಾದವನ ಜತೆ ಹರಕುಮುರುಕು ಹಿಂದಿಯಲ್ಲಿ ಚೌಕಾಸಿ ಮಾಡಿ, ಸೊಸೈಟಿಯ ವಾಚ್‌ಮನ್‌ನನ್ನು ಎಬ್ಬಿಸಿ ಮೇಲೆ ಬರುತ್ತಾರೆ. ಸ್ನಾನ, ಉಪ್ಪಿಟ್ಟು, ಚಹಾ ಮುಗಿದ ಮೇಲೆ ಫೈಲು ಬಗಲಲ್ಲಿಟ್ಟುಕೊಂಡು ಅಡ್ಮಿಶನ್ನಿಗೆ ಹೊರಡುತ್ತಾರೆ. ಪುಣೆಯಲ್ಲಿ ಹದಿನಾಲ್ಕು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ನಾನು ಗಳಿಸಿದ ಹುದ್ದೆಗಳಲ್ಲಿ ಊರಿನವರು ಮಾನ್ಯ ಮಾಡಿದ್ದು ಒಂದನ್ನೇ. ಅದು ಲೋಕಲ್ ಗಾರ್ಡಿಯನ್.

ಈ ಸಲ ಬಂದವರು ವಿಜಯಪುರದ ನಮ್ಮ ದೊಡ್ಡಪ್ಪನ ಮಗ ಮತ್ತು ಅವರ ಮಗಳು. ಹುಡುಗಿಗೆ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ, ಇಲ್ಲಿಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ. ಊಟದ ಮೇಜಿನ ಮೇಲೆ ಕಾಗದಗಳ ಗುಡ್ಡೆ. ರ‍್ಯಾಗಿಂಗ್ ಮಾಡುವುದಿಲ್ಲ ಎಂಬ ಅಫಿಡವಿಟ್ ಮೊದಲಿನದು. ಅದಕ್ಕೆ ಯಾರ ತಕರಾರೂ ಇಲ್ಲ, ಅದು ಯುಜಿಸಿ 2009ರಲ್ಲಿ ತಂದ ಒಳ್ಳೆಯ ನಿಯಮ. ಅದರ ಕೆಳಗೆ ಇನ್ನೊಂದು ಮುಚ್ಚಳಿಕೆ. ಮುಷ್ಕರ, ಧರಣಿ, ಘೋಷಣೆಗಳಲ್ಲಿ ಭಾಗವಹಿಸುವುದಿಲ್ಲ. ಸಾಮಾಜಿಕ ಜಾಲತಾಣದಲ್ಲಾಗಲೀ ಬೇರೆಲ್ಲೇ ಆಗಲೀ ಸಂಸ್ಥೆಯ ಹೆಸರಿಗೆ ಧಕ್ಕೆ ತರುವಂಥದ್ದನ್ನು ಬರೆಯುವುದಿಲ್ಲ. ತಪ್ಪಿದರೆ ಆಡಳಿತ ಮಂಡಳಿಯ ತೀರ್ಮಾನವೇ ಅಂತಿಮ. ಕೆಳಗೆ ಮೂರು ಗೆರೆ: ವಿದ್ಯಾರ್ಥಿ, ಪಾಲಕ, ಲೋಕಲ್ ಗಾರ್ಡಿಯನ್.

ಹುಡುಗಿ ಅದನ್ನು ಎರಡು ಸಲ ಓದಿ ನನ್ನನ್ನು ಕೇಳಿದಳು, "ಕಾಕಾ, ಹೆಸರಿಗೆ ಧಕ್ಕೆ ಅಂದ್ರ ಏನೇನು ಬರ್ತದ ಇದರಾಗ?"

ಅವಳಪ್ಪ ಚಹಾದ ಕಪ್ಪು ಕೆಳಗಿಟ್ಟರು. "ಸುಮ್ನ ಸಹಿ ಮಾಡವ್ವಾ. ಎಲ್ಲಾರೂ ಮಾಡ್ತಾರ."

ಪೆನ್ನು ನನ್ನ ಕೈಯಲ್ಲಿತ್ತು. ಹೋದ ಸಲವಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಹೇಳಿಯೂ ಇದ್ದೆ. ಆ ಕಥೆ ಮೊದಲು ಹೇಳಬೇಕು.

ನನ್ನ ಅಕ್ಕನ ಮಗ ಧಾರವಾಡದ ಹುಡುಗ, ಪುಣೆಯ ಇನ್ನೊಂದು ಖಾಸಗಿ ಸಂಸ್ಥೆಯಲ್ಲಿ ಎರಡನೇ ವರ್ಷ ಓದುತ್ತಿದ್ದ. ಸಂಸ್ಥೆಯ ಹೆಸರು ಬೇಡ. ಕೋಥರೂಡಿನದಲ್ಲ ಎಂದಷ್ಟೇ ಹೇಳುತ್ತೇನೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಗಿಯಾನ್ ಬಾರೆ ಸಿಂಡ್ರೋಮ್ ಹರಡಿದ್ದು ನಿಮಗೆ ನೆನಪಿರಬಹುದು. ಸಿಂಹಗಡ ರಸ್ತೆ, ನಾಂದೇಡ ಗ್ರಾಮ, ಕಿರಕಟವಾಡಿ ಆ ಕಡೆಯೆಲ್ಲ ಜನ ಕೈಕಾಲು ಸೋತು ಆಸ್ಪತ್ರೆ ಸೇರಿದರು, ಅನುಮಾನ ಕುಡಿಯುವ ನೀರಿನ ಮೇಲೆ ಬಿತ್ತು. ನಮ್ಮ ಮನೆಯಲ್ಲೂ ನೀರು ಕಾಯಿಸಿ ಆರಿಸಿ ಕುಡಿಯುತ್ತಿದ್ದ ದಿನಗಳು ಅವು. ಆ ಹೊತ್ತಿನಲ್ಲಿ ಅಳಿಯನ ಹಾಸ್ಟೆಲಿನ ನಲ್ಲಿಯಲ್ಲಿ ಹಳದಿ ನೀರು ಬಂತು. ವಾರ್ಡನ್‌ಗೆ ಹೇಳಿದರು, ಟ್ಯಾಂಕ್ ತೊಳೆಸುತ್ತೇವೆ ಅಂದರಂತೆ. ನಾಲ್ಕು ದಿನ ಕಳೆಯಿತು. ಐದನೇ ದಿನ ಇವನು ಒಂದು ಗಾಜಿನ ಲೋಟದಲ್ಲಿ ಆ ನೀರು ಹಿಡಿದು ಫೋಟೋ ತೆಗೆದು, ಸಂಸ್ಥೆಯನ್ನು ಟ್ಯಾಗ್ ಮಾಡಿ, "ಇದು ನಮ್ಮ ವರ್ಲ್ಡ್ ಕ್ಲಾಸ್ ಹಾಸ್ಟೆಲ್" ಎಂದು ಇನ್‌ಸ್ಟಾಗ್ರಾಂನಲ್ಲಿ ಹಾಕಿದ.

ಮರುದಿನ ನಾನು ಸ್ಟ್ಯಾಂಡಪ್ ಮೀಟಿಂಗಿನಲ್ಲಿದ್ದಾಗ ಫೋನು ಬಂತು. ಲೋಕಲ್ ಗಾರ್ಡಿಯನ್ ತಕ್ಷಣ ಬರಬೇಕು.

ಹೋದೆ. ಏಸಿ ಕೋಣೆ, ಉದ್ದನೆಯ ಮೇಜು, ಮೂವರು. ಯಾರೂ ಬೈಯಲಿಲ್ಲ, ಬಿಸ್ಲೇರಿ ಬಾಟಲಿ ಕೊಟ್ಟರು. (ಅವರೂ ನಲ್ಲಿ ನೀರು ಕುಡಿಯುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಮನೆಗೆ ಬಂದ ಮೇಲೆ.) ಅಡ್ಮಿಶನ್ ದಿನ ನಾನೇ ಸಹಿ ಮಾಡಿದ ಮುಚ್ಚಳಿಕೆಯ ಪ್ರತಿಯನ್ನು ನನ್ನ ಕಡೆ ಸರಿಸಿ, "ಪ್ಲೇಸ್‌ಮೆಂಟ್ ಸೀಸನ್ ಸರ್, ಕಂಪನಿಗಳವರು ಇದನ್ನೆಲ್ಲ ನೋಡ್ತಾರೆ. ನೀವೂ ಇಂಡಸ್ಟ್ರಿಯವರೇ, ನಿಮಗೆ ಗೊತ್ತಿರುತ್ತೆ" ಎಂದರು. ಎರಡು ದಾರಿ ಇಟ್ಟರು. ಪೋಸ್ಟ್ ಅಳಿಸಿ, ಕ್ಷಮಾಪಣೆ ಪತ್ರ ಬರೆದು, ಐದು ಸಾವಿರ ದಂಡ ಕಟ್ಟುವುದು. ಇಲ್ಲವೇ ಒಂದು ಸೆಮಿಸ್ಟರ್ ಅಮಾನತು. ನೀರಿನ ವಿಷಯ ಆ ಮೇಜಿನ ಮೇಲೆ ಬರಲೇ ಇಲ್ಲ.

ಅಳಿಯ ನನ್ನ ಮುಖ ನೋಡಿದ. "ಮಾಮಾ, ನಾ ಹಾಕಿದ್ದರಾಗ ಸುಳ್ಳೇನೈತಿ?"

"ಸುಳ್ಳ ಅಂತ ಯಾರಂದ್ರು? ಅಳಿಸಿಬಿಡು. ಬರದು ಕೊಡು."

"ಮಾತಾಡೂ ಹಕ್ಕು ಅಂತ ಸಾಲ್ಯಾಗ ಓದಿದ್ದು?"

"ಇದು ಪ್ರೈವೇಟ್ ಅಪ್ಪಾ" ಅಂದೆ.

ಬರೆದುಕೊಟ್ಟ. ದಂಡ ನಾನೇ ಗೂಗಲ್ ಪೇ ಮಾಡಿದೆ. ರಾತ್ರಿ ಅಕ್ಕನ ಫೋನು, "ಛಲೋ ಮಾಡಿದಿ ತಮ್ಮಾ, ಅವಂಗೇನ ತಿಳೀತದ." ಎಲ್ಲರಿಗೂ ಸಮಾಧಾನವಾಯಿತು. ಅವನೊಬ್ಬ ಮಾತ್ರ ಎರಡು ತಿಂಗಳು ನಮ್ಮ ಮನೆಗೆ ಊಟಕ್ಕೆ ಬರಲಿಲ್ಲ.

ನಾನು ಹಾಗೆ ಹೇಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ಸೋಶಿಯಲ್ ಮೀಡಿಯಾ ಪಾಲಿಸಿಯ ತರಬೇತಿ ಇರುತ್ತದೆ. ನೆಕ್ಸ್ಟ್, ನೆಕ್ಸ್ಟ್ ಒತ್ತಿ, ಹತ್ತು ಪ್ರಶ್ನೆಗೆ ಉತ್ತರಿಸಿ, ಸರ್ಟಿಫಿಕೇಟ್ ಇಳಿಸಿಕೊಳ್ಳುವುದು. ಹದಿನಾಲ್ಕು ವರ್ಷ ಆ ಗುಂಡಿ ಒತ್ತಿದ ಬೆರಳು ಇದು. ಆದರೆ ಒಂದು ವ್ಯತ್ಯಾಸ ನನಗೆ ಆಮೇಲೆ ಕಂಡಿತು. ಕಂಪನಿ ನನಗೆ ಸಂಬಳ ಕೊಟ್ಟು ಬಾಯಿ ಮುಚ್ಚಿಸುತ್ತದೆ. ಕಾಲೇಜು ಅವನಿಂದ ಫೀ ಇಸಿದುಕೊಂಡು ಮುಚ್ಚಿಸಿತು. ಬೇಸರವಾದರೆ ನಾನು ಎರಡು ತಿಂಗಳ ನೋಟಿಸ್ ಕೊಟ್ಟು ಬೇರೆ ಕಂಪನಿಗೆ ಹೋಗಬಹುದು. ಎರಡನೇ ವರ್ಷದ ಹುಡುಗ ಕಟ್ಟಿದ ಫೀ, ಪಡೆದ ಅಂಕ ಬಿಟ್ಟು ಎಲ್ಲಿಗೆ ಹೋಗುತ್ತಾನೆ?

ನಂತರ ಮೇ ತಿಂಗಳು ಬಂತು. ಕೊಂಢವಾದ ಸಿಂಹಗಡ ಅಕಾಡೆಮಿ ಆಫ್ ಇಂಜಿನಿಯರಿಂಗ್ ಪ್ರಕರಣವನ್ನು ಪುಣೆಯಲ್ಲಿದ್ದವರು ಮರೆತಿರಲಾರರು. ಜಮ್ಮು-ಕಾಶ್ಮೀರದಿಂದ ಬಂದ 19 ವರ್ಷದ ಹುಡುಗಿ, ಇನ್‌ಫರ್ಮೇಶನ್ ಟೆಕ್ನಾಲಜಿ ಎರಡನೇ ವರ್ಷ. ಆಪರೇಶನ್ ಸಿಂಧೂರದ ಸಮಯದಲ್ಲಿ, 2025ರ ಮೇ 7ರಂದು, ಭಾರತ ಸರ್ಕಾರವನ್ನು ಟೀಕಿಸುವ ಬೇರೆಯವರ ಪೋಸ್ಟ್ ಒಂದನ್ನು ಇನ್‌ಸ್ಟಾಗ್ರಾಂನಲ್ಲಿ ಹಂಚಿಕೊಂಡಳು. ಬೆದರಿಕೆಗಳು ಬಂದವು. ಎರಡು ತಾಸಿನೊಳಗೆ ಅಳಿಸಿ ಕ್ಷಮೆ ಕೇಳಿದಳು. ಮೇ 9ರಂದು ಕಾಲೇಜು ಅವಳನ್ನು ರಸ್ಟಿಕೇಟ್ ಮಾಡಿತು. ಕಾರಣ ಕೇಳಲಿಲ್ಲ, ಎದುರು ಕೂರಿಸಿ ಮಾತಾಡಿಸಲಿಲ್ಲ. ಅದೇ ದಿನ ಪೊಲೀಸರು ಬಂಧಿಸಿದರು. ಯೆರವಡಾ ಜೈಲು. ಸೆಮಿಸ್ಟರ್ ಪರೀಕ್ಷೆ ಶುರುವಾದಾಗ ಅವಳು ಅಲ್ಲಿಯೇ ಇದ್ದಳು.

ಮೇ 27ರಂದು ಬಾಂಬೆ ಹೈಕೋರ್ಟಿನ ರಜಾಕಾಲದ ಪೀಠ, ನ್ಯಾಯಮೂರ್ತಿಗಳಾದ ಗೌರಿ ಗೋಡ್ಸೆ ಮತ್ತು ಸೋಮಶೇಖರ ಸುಂದರೇಶನ್, ಅವಳಿಗೆ ಜಾಮೀನು ಕೊಟ್ಟು ಅಂದೇ ಬಿಡುಗಡೆ ಮಾಡಲು ಹೇಳಿದರು. ಕಾಲೇಜಿನ ಆದೇಶವನ್ನು ತಡೆಹಿಡಿದು ಹಾಲ್ ಟಿಕೆಟ್ ಕೊಡಲು ಸೂಚಿಸಿದರು. ತಪ್ಪು ಅರಿವಾಗಿ ಅಳಿಸಿ ಕ್ಷಮೆ ಕೇಳಿದ ವಿದ್ಯಾರ್ಥಿನಿಯನ್ನು ಅಪರಾಧಿಯಂತೆ ನಡೆಸಿಕೊಂಡಿದ್ದೇಕೆ ಎಂದು ಸರ್ಕಾರವನ್ನೂ, ಆಕೆಯ ಮಾತು ಕೇಳದೆ ಹೊರಹಾಕಿದ್ದೇಕೆ ಎಂದು ಕಾಲೇಜನ್ನೂ ಗದರಿಸಿದರು.

ಆ ರಾತ್ರಿ ಅಳಿಯ ಬಹಳ ದಿನಗಳ ಮೇಲೆ ಫೋನು ಮಾಡಿದ. "ಮಾಮಾ, ಆಕಿದೂ ಪ್ರೈವೇಟ್ ಕಾಲೇಜ ಅಲ್ಲೇನು?"

ಹೌದು, ಖಾಸಗಿ. ಅನುದಾನರಹಿತ. ಹಾಗಿದ್ದರೆ ಹೈಕೋರ್ಟು ಅದರ ಆದೇಶವನ್ನು ತಡೆದದ್ದು ಹೇಗೆ? ನನ್ನ ಹತ್ತಿರ ಉತ್ತರವಿರಲಿಲ್ಲ. ಎಂ.ಟೆಕ್ ಮಾಡಿದವನು ನಾನು, ಕಾನೂನು ಓದಿದವನಲ್ಲ. ಆದರೂ ಅವನಿಗೆ ಒಂದು ಉತ್ತರ ಬಾಕಿ ಇತ್ತು, ಅದಕ್ಕಾಗಿ ಕೆಲವು ವಾರಾಂತ್ಯ ತೀರ್ಪುಗಳನ್ನು ಓದುತ್ತ ಕೂತೆ. ಓದಿದಾಗ ಮೊದಲು ಸಿಕ್ಕಿದ್ದೇ ನಮ್ಮೂರುಗಳು.

ಈ ದೇಶದಲ್ಲಿ ಖಾಸಗಿ ಕಾಲೇಜು ಏನು ಮಾಡಬಹುದು, ಏನು ಮಾಡಬಾರದು ಎಂಬ ಕಾನೂನಿನ ದೊಡ್ಡ ಪಾಲು ಕರ್ನಾಟಕದಲ್ಲೇ ಹುಟ್ಟಿದೆ. ಮೀರತ್‌ನ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ತುಮಕೂರಿನ ಅಗಳಕೋಟೆಯ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜಿಗೆ ಸೇರಲು ಬಂದಾಗ ವರ್ಷಕ್ಕೆ 60,000 ರೂಪಾಯಿ ಫೀ. ಅದೇ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ 2,000, ಕರ್ನಾಟಕದ ಇತರರಿಗೆ 25,000. ಆಕೆ ಸುಪ್ರೀಂ ಕೋರ್ಟಿಗೆ ಹೋದಳು, 1992ರಲ್ಲಿ ಗೆದ್ದಳು. ಹತ್ತು ವರ್ಷದ ಮೇಲೆ, 2002ರ ಅಕ್ಟೋಬರ್ 31ರಂದು, ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ವಿದ್ಯಾಸಂಸ್ಥೆ ನಡೆಸುವುದೂ ಒಂದು ಉದ್ಯೋಗ, ಅದಕ್ಕೆ ಸಂವಿಧಾನದ 19(1)(ಜಿ) ರಕ್ಷಣೆ ಇದೆ, ಅನುದಾನ ಪಡೆಯದ ಸಂಸ್ಥೆಗೆ ತನ್ನ ಆಡಳಿತದಲ್ಲಿ ಸ್ವಾಯತ್ತತೆ ಬೇಕು.

ಅಂದರೆ 19ನೇ ವಿಧಿಯ ಕೊನೆಯ ಅಕ್ಷರದಲ್ಲಿ ಕಾಲೇಜಿನ ಹಕ್ಕು ಕೂತಿದೆ, ಮೊದಲ ಅಕ್ಷರದಲ್ಲಿ, 19(1)(ಎ), ವಿದ್ಯಾರ್ಥಿಯ ಮಾತಿನ ಹಕ್ಕು. ಎರಡೂ ಒಂದೇ ವಿಧಿ. ಕಾಲೇಜಿನ ಹಕ್ಕನ್ನು ಹನ್ನೊಂದು ಮಂದಿ ಕೂತು ಬರೆದುಕೊಟ್ಟರು. ವಿದ್ಯಾರ್ಥಿಯ ಹಕ್ಕು ಕಾಲೇಜಿನ ಗೇಟಿನ ಒಳಗೆ ಎಷ್ಟು ದೂರ ಬರುತ್ತದೆ ಎಂಬುದನ್ನು ಅಷ್ಟು ಸ್ಪಷ್ಟವಾಗಿ ಯಾರೂ ಬರೆದಿಲ್ಲ. ಹಳೆಯ ತಿಳಿವಳಿಕೆಯ ಪ್ರಕಾರ ಮೂಲಭೂತ ಹಕ್ಕು ಇರುವುದು ಸರ್ಕಾರದ ವಿರುದ್ಧ. ಖಾಸಗಿ ವಿಶ್ವವಿದ್ಯಾಲಯ ವಿಧಾನಸಭೆಯ ಕಾಯ್ದೆಯಿಂದ ಹುಟ್ಟಿದ್ದರೂ ದುಡ್ಡು, ಆಡಳಿತ ಎರಡೂ ಖಾಸಗಿಯಾಗಿದ್ದರೆ ಅದು ಸಾಮಾನ್ಯವಾಗಿ "ಸರ್ಕಾರ" ಎನಿಸುವುದಿಲ್ಲ. 2023ರ ಜನವರಿ 3ರಂದು ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಈ ಗೋಡೆಗೆ ಒಂದು ಕಿಂಡಿ ಕೊರೆಯಿತು. 19 ಮತ್ತು 21ನೇ ವಿಧಿಯ ಹಕ್ಕುಗಳನ್ನು ಖಾಸಗಿಯವರ ವಿರುದ್ಧವೂ ಚಲಾಯಿಸಬಹುದು ಎಂದು ನಾಲ್ವರು ಹೇಳಿದರು. ಒಪ್ಪದ ಐದನೆಯವರು ನಮ್ಮವರೇ, ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅವರ ಭಿನ್ನ ತೀರ್ಪನ್ನೂ ಓದಿದೆ. ಖಾಸಗಿಯವರ ನಡುವಿನ ಜಗಳಕ್ಕೆ ಬೇರೆ ಕಾನೂನುಗಳಿವೆ ಎಂಬ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಆದರೆ ನಲ್ಲಿಯ ನೀರಿನ ಫೋಟೋಕ್ಕೆ ಸೆಮಿಸ್ಟರ್ ಕಳೆದುಕೊಳ್ಳುವ ಹುಡುಗ ಆ ಬೇರೆ ಕಾನೂನನ್ನು ಯಾವ ಕೋರ್ಟಿನಲ್ಲಿ, ಎಷ್ಟು ವರ್ಷ ಹುಡುಕಬೇಕು ಎಂಬ ಪ್ರಶ್ನೆ ನನ್ನೊಳಗೆ ಉಳಿದಿದೆ.

ಕೊಂಢವಾದ ಹುಡುಗಿಗೆ ತೆರೆದ ಬಾಗಿಲು ಇನ್ನೂ ಹಳೆಯದು, ಸಂವಿಧಾನದ 226ನೇ ವಿಧಿ. ಹೈಕೋರ್ಟು "ಯಾವುದೇ ವ್ಯಕ್ತಿ ಅಥವಾ ಪ್ರಾಧಿಕಾರ"ಕ್ಕೆ ಆದೇಶ ಕೊಡಬಹುದು ಎನ್ನುತ್ತದೆ ಅದು. ಅಹಮದಾಬಾದಿನ ಒಂದು ಖಾಸಗಿ ಟ್ರಸ್ಟ್ ಕಾಲೇಜು ಮುಚ್ಚಿ ಅಧ್ಯಾಪಕರ ಬಾಕಿ ಉಳಿಸಿಕೊಂಡಾಗ, 1989ರ ರುದಾನಿ ಪ್ರಕರಣದಲ್ಲಿ, ಸಾರ್ವಜನಿಕ ಕರ್ತವ್ಯ ಮಾಡುವ ಖಾಸಗಿ ಸಂಸ್ಥೆಗೂ ಇದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಪದವಿ ಕೊಡುವುದು, ಪರೀಕ್ಷೆ ಬರೆಸುವುದು, ವಿದ್ಯಾರ್ಥಿಯನ್ನು ಹೊರಹಾಕುವುದು ಕಿರಾಣಿ ಅಂಗಡಿಯ ವ್ಯವಹಾರದಂತಲ್ಲ. ಹೊರಹಾಕುವ ಮೊದಲು ಆರೋಪ ಏನೆಂದು ಬರೆದು ಕೊಡಬೇಕು, ಉತ್ತರಕ್ಕೆ ಅವಕಾಶ ಕೊಡಬೇಕು, ಕೇಳಬೇಕು. ಇಷ್ಟನ್ನೂ ಮಾಡದ ಆದೇಶ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ, ಕಾಲೇಜು ಯಾರದೇ ಆಗಿರಲಿ.

ಅಂದರೆ ಅಂದು ಏಸಿ ಕೋಣೆಯಲ್ಲಿ ನಾನು ಹೇಳಿದ್ದು ತಪ್ಪು. ಅಳಿಯನಿಗೆ ಒಂದು ನೋಟಿಸ್ ಕೂಡ ಬಂದಿರಲಿಲ್ಲ. ನಾನು ಕೇಳಬೇಕಿದ್ದ ಪ್ರಶ್ನೆ ಒಂದೇ: "ಇದನ್ನು ಬರವಣಿಗೆಯಲ್ಲಿ ಕೊಡ್ತೀರಾ?" ಕೇಳಲಿಲ್ಲ. ಅವರಿಗಿಂತ ಮೊದಲು ನಾನೇ ಅವನ ಬಾಯಿ ಮುಚ್ಚಿಸಿದೆ.

ಇದನ್ನು ಬರೆಯುವಾಗ ಇನ್ನೊಂದು ಸಂಗತಿ ಬಚ್ಚಿಡಲಾರೆ. 2020ರ ಫೆಬ್ರವರಿಯಲ್ಲಿ ಹುಬ್ಬಳ್ಳಿಯ ಕೆಎಲ್ಇ ತಾಂತ್ರಿಕ ಕಾಲೇಜಿನಲ್ಲಿ ಓದುತ್ತಿದ್ದ ಮೂವರು ಕಾಶ್ಮೀರಿ ವಿದ್ಯಾರ್ಥಿಗಳ ವಿಡಿಯೋ ಹರಿದಾಡಿತು. ಪುಲ್ವಾಮಾ ದಾಳಿಗೆ ವರ್ಷ ತುಂಬಿದ ದಿನಗಳು ಅವು, ವಿಡಿಯೋದಲ್ಲಿ ಪಾಕಿಸ್ತಾನದ ಪರ ಘೋಷಣೆ. ಕಾಲೇಜು ಅಮಾನತು ಮಾಡಿ ದೂರು ಕೊಟ್ಟಿತು. ದೇಶದ್ರೋಹದ ಪ್ರಕರಣ. ಪೊಲೀಸರು ಮೊದಲು ಬಾಂಡ್ ಬರೆಸಿಕೊಂಡು ಬಿಟ್ಟರು, ಪ್ರತಿಭಟನೆ ಎದ್ದ ಮೇಲೆ ಮತ್ತೆ ಹಿಡಿದರು. ಹುಬ್ಬಳ್ಳಿಯ ವಕೀಲರ ಸಂಘ ಇವರ ಪರ ಯಾರೂ ವಕಾಲತ್ತು ಹಾಕಬಾರದೆಂದು ಠರಾವು ಮಾಡಿತು. ಅದು ತಪ್ಪು ಎಂದು ಕರ್ನಾಟಕ ಹೈಕೋರ್ಟು ಹೇಳಬೇಕಾಯಿತು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಅಭಯ ಓಕಾ. ಬೆಂಗಳೂರಿನಿಂದ ಬಂದ ವಕೀಲರು ಪೊಲೀಸ್ ರಕ್ಷಣೆಯಲ್ಲಿ ಧಾರವಾಡದ ಕೋರ್ಟಿಗೆ ಹೋಗಿ ಅರ್ಜಿ ಹಾಕಿದರು. ಜಾಮೀನು ಸಿಕ್ಕಿದ್ದು ಜೂನ್‌ನಲ್ಲಿ.

ಆ ಠರಾವಿನ ಫೋಟೋ ನಮ್ಮ ಇಂಜಿನಿಯರಿಂಗ್ ಗೆಳೆಯರ ವಾಟ್ಸ್ಯಾಪ್ ಗುಂಪಿಗೆ ಬಂದಾಗ ನಾನು ಹೆಬ್ಬೆರಳು ಒತ್ತಿದ್ದೆ. ಆ ವಿಡಿಯೋ ಇಂದಿಗೂ ನನಗೆ ಇಷ್ಟವಾಗುವುದಿಲ್ಲ. ಆದರೆ ನಾನು ಹೆಬ್ಬೆರಳು ಒತ್ತಿದ್ದು ವಿಡಿಯೋದ ವಿರುದ್ಧವಲ್ಲ, ಆ ಹುಡುಗರಿಗೆ ವಕೀಲ ಸಿಗಬಾರದು ಎಂಬುದರ ಪರವಾಗಿ. ನಮ್ಮ ಕಡೆಯ ಊರಿನಲ್ಲಿ, ನಮ್ಮ ಕಡೆಯ ಕಾಲೇಜಿನಲ್ಲಿ, ದೂರದಿಂದ ಬಂದ ಮಕ್ಕಳು ಅವರು. ಪುಣೆಯಲ್ಲಿ ನನ್ನ ಅಳಿಯ ಇರುವ ಹಾಗೆ. ಅವರಿಗೆ ಅಲ್ಲಿ ಲೋಕಲ್ ಗಾರ್ಡಿಯನ್ ಯಾರಿದ್ದರೋ.

ಎಲ್ಲ ಮಾತೂ ಒಂದೇ ತಕ್ಕಡಿಗೆ ಬರುವುದಿಲ್ಲ, ನಿಜ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಂದು ಉತ್ಸವದಲ್ಲಿ ಆಡಿದ ಪ್ರಹಸನ ದಲಿತರನ್ನೂ ಅಂಬೇಡ್ಕರರನ್ನೂ ಹೀಯಾಳಿಸಿತೆಂದು ದೊಡ್ಡ ಗದ್ದಲವಾಯಿತು. ಸಂಸ್ಥೆ ಅಮಾನತು ಮಾಡಿತು, ಪೊಲೀಸರು ಬಂಧಿಸಿದರು, 2024ರ ಕೊನೆಗೆ ಹೈಕೋರ್ಟ್ ಪ್ರಕರಣವನ್ನು ರದ್ದು ಮಾಡಿತು. ಆ ವಿಡಿಯೋ ನಾನು ನೋಡಿದ್ದೆ, ಕೀಳು ಅಭಿರುಚಿ. ತರಗತಿಯಲ್ಲಿ ಪಕ್ಕದ ಬೆಂಚಿನಲ್ಲಿ ಕೂರುವ ದಲಿತ ಹುಡುಗನಿಗೆ ಅದನ್ನು ನೋಡಿ ಹೇಗನ್ನಿಸಿರಬೇಕು? ಅಲ್ಲಿ ಕಾಲೇಜು ಕೈಕಟ್ಟಿ ಕೂರಬೇಕಿತ್ತು ಎಂದು ನಾನು ಹೇಳಲಾರೆ. ಕರೆದು ಕೂರಿಸಿ ಕೇಳಬೇಕು, ತಿಳಿಹೇಳಬೇಕು, ಶಿಸ್ತು ಕ್ರಮವನ್ನೂ ತೆಗೆದುಕೊಳ್ಳಬಹುದು. ಆದರೆ ಇನ್ನೊಬ್ಬ ವಿದ್ಯಾರ್ಥಿಯ ಮಾನಕ್ಕೆ ತಾಗುವ ಮಾತು ಬೇರೆ, ಹಾಸ್ಟೆಲಿನ ಟ್ಯಾಂಕಿನ ಮಾತು ಬೇರೆ. ನಮ್ಮ ಮುಚ್ಚಳಿಕೆಗಳು ಎರಡನ್ನೂ "ಸಂಸ್ಥೆಯ ಹೆಸರು" ಎಂಬ ಒಂದೇ ಚೀಲದಲ್ಲಿ ತುಂಬುತ್ತವೆ. ಹೆಚ್ಚು ಸಲ ಹೊರಗೆ ಬರುವುದು ಟ್ಯಾಂಕು, ಮೆಸ್ಸು, ಫೀ.

ನಾನು ದಿನಾ ಓಡಾಡುವ ಕರ್ವೆ ರಸ್ತೆಯ ಧೋಂಡೋ ಕೇಶವ ಕರ್ವೆಯವರ ನೆನಪು ಇಲ್ಲಿ ಬರುತ್ತದೆ. 1916ರಲ್ಲಿ ಅವರು ಇಲ್ಲೇ ಪಕ್ಕದ ಹಿಂಗಣೆಯಲ್ಲಿ ಹೆಂಗಸರ ವಿಶ್ವವಿದ್ಯಾಲಯ ತೆರೆದಾಗ ಸರ್ಕಾರದ ಮನ್ನಣೆ ಇರಲಿಲ್ಲ. ಇಂದಿನ ಭಾಷೆಯಲ್ಲಿ ಅದೂ ಪ್ರೈವೇಟೇ. ಊರು ಆಡಬಾರದೆಂದ ಮಾತನ್ನು ಆಡಲಿಕ್ಕಾಗಿಯೇ ಕಟ್ಟಿದ ಪ್ರೈವೇಟ್. ಅವರ ಮಗ ರಘುನಾಥ ಕರ್ವೆ ಸಂತಾನ ನಿಯಂತ್ರಣದ ಪ್ರಚಾರ ಮಾಡಿದ್ದಕ್ಕೆ 1925ರಲ್ಲಿ ಮುಂಬೈನ ವಿಲ್ಸನ್ ಕಾಲೇಜಿನ ಕೆಲಸ ಬಿಡಬೇಕಾಯಿತು. ಅದೂ ಖಾಸಗಿ, ಮಿಶನರಿಗಳದ್ದು.

ಇನ್ನೂ ಹಿಂದಕ್ಕೆ ಹೋದರೆ 1905. ಡೆಕ್ಕನ್ ಎಜುಕೇಶನ್ ಸೊಸೈಟಿಯ ಫರ್ಗ್ಯೂಸನ್ ಕಾಲೇಜು, ಹಾಸ್ಟೆಲಿನ ವಿದ್ಯಾರ್ಥಿ ವಿನಾಯಕ ದಾಮೋದರ ಸಾವರಕರ್. ದಸರೆಯ ಸಮಯದಲ್ಲಿ ವಿದೇಶಿ ಬಟ್ಟೆಗಳ ಹೋಳಿ ಮಾಡಿದ್ದಕ್ಕೆ ಪ್ರಿನ್ಸಿಪಾಲ್ ರ‍್ಯಾಂಗ್ಲರ್ ಪರಾಂಜಪೆ ಹತ್ತು ರೂಪಾಯಿ ದಂಡ ಹಾಕಿ ಹಾಸ್ಟೆಲಿನಿಂದ ಹೊರಹಾಕಿದರು. ಪರಾಂಜಪೆ ಸಣ್ಣ ಮನುಷ್ಯರಲ್ಲ, ಕೇಂಬ್ರಿಡ್ಜಿನ ಸೀನಿಯರ್ ರ‍್ಯಾಂಗ್ಲರ್, ಉದಾರವಾದಿ, ಕರ್ವೆಯವರ ಬಂಧು. ಅವರಿಗೂ ಸಂಸ್ಥೆಯ ಚಿಂತೆಯೇ ಇದ್ದಿರಬೇಕು. ತಿಲಕರು ಕೇಸರಿಯಲ್ಲಿ ಅವರನ್ನು ಚೆನ್ನಾಗಿ ಝಾಡಿಸಿದರು. ಸಾವರಕರ್ ಬಿ.ಎ. ಮುಗಿಸಿದರು, ಅದಕ್ಕೆ ಮಾತ್ರ ಅಡ್ಡಿ ಬರಲಿಲ್ಲ. ಕೊಂಢವಾದ ಹುಡುಗಿಯ ರಸ್ಟಿಕೇಶನ್ ಸರಿ ಎಂದು ವಾದಿಸಿದ ನಮ್ಮ ಸೊಸೈಟಿಯ ಹಿರಿಯರೊಬ್ಬರಿಗೆ ಲಿಫ್ಟಿನಲ್ಲಿ ಇದನ್ನು ಹೇಳಿದೆ. "ಅದು ಬೇರೆ, ಇದು ಬೇರೆ" ಅಂದರು. ನಾಲ್ಕನೇ ಮಹಡಿ ಬಂತು, ಇಳಿದು ಹೋದರು. ಹೌದು, ಬೇರೆಯೇ. ಆದರೆ ಶಿಕ್ಷೆ ಕೊಡುವವನಿಗೆ ಆ ದಿನ ಎರಡೂ ಒಂದೇ ಥರ ಕಾಣುತ್ತವೆ.

ಬೇರೆ ಕಡೆ ಇದನ್ನು ಹೇಗೆ ಬಿಡಿಸಿದ್ದಾರೆಂದೂ ನೋಡಿದೆ. ಅಮೆರಿಕದಲ್ಲೂ ವಾಕ್ ಸ್ವಾತಂತ್ರ್ಯದ ಮೊದಲ ತಿದ್ದುಪಡಿ ಸರ್ಕಾರದ ಮೇಲಷ್ಟೇ ನಡೆಯುತ್ತದೆ, ಖಾಸಗಿ ವಿಶ್ವವಿದ್ಯಾಲಯದ ಮೇಲಲ್ಲ. ಆದರೆ ಕ್ಯಾಲಿಫೋರ್ನಿಯಾ 1992ರಲ್ಲಿ ಲಿಯೊನಾರ್ಡ್ ಕಾಯ್ದೆ ತಂದಿತು. ಕ್ಯಾಂಪಸ್ಸಿನ ಹೊರಗೆ ಆಡಲು ಹಕ್ಕಿರುವ ಮಾತನ್ನು ಒಳಗೆ ಆಡಿದ್ದಕ್ಕೆ ಖಾಸಗಿ ಕಾಲೇಜೂ ಶಿಕ್ಷಿಸುವಂತಿಲ್ಲ. ಧಾರ್ಮಿಕ ಸಂಸ್ಥೆಗಳಿಗೆ ಮಾತ್ರ ವಿನಾಯಿತಿ. 1995ರಲ್ಲಿ ಅದರ ಬಲದಿಂದ ವಿದ್ಯಾರ್ಥಿಗಳು ಸ್ಟ್ಯಾನ್‌ಫರ್ಡಿನ ಮಾತಿನ ನಿಯಮಾವಳಿಯನ್ನೇ ಕೋರ್ಟಿನಲ್ಲಿ ಬೀಳಿಸಿದರು. ಸ್ಟ್ಯಾನ್‌ಫರ್ಡಿನ ಹೆಸರಿಗೆ ಅದರಿಂದ ಧಕ್ಕೆ ಬಂದಂತೆ ನನಗೆ ಕಾಣುವುದಿಲ್ಲ. ಅಲ್ಲಿಂದ ಬಂದ ರೆಸ್ಯೂಮೆಗೆ ನಮ್ಮ ಕಂಪನಿಯಲ್ಲಿ ಈಗಲೂ ಎಲ್ಲರೂ ಎದ್ದು ಕೂರುತ್ತಾರೆ.

ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಮಹಾರಾಷ್ಟ್ರದಲ್ಲಿ 1994ರ ವಿಶ್ವವಿದ್ಯಾಲಯ ಕಾಯ್ದೆ ಬಂದ ಮೇಲೆ ವಿದ್ಯಾರ್ಥಿಗಳ ನೇರ ಚುನಾವಣೆಯೇ ಹೋಯಿತು, ಅಂಕ ನೋಡಿ ಪ್ರತಿನಿಧಿಗಳನ್ನು ನೇಮಿಸುವ ಪದ್ಧತಿ ಬಂತು. ಹುಡುಗರ ಪರವಾಗಿ ಮಾತಾಡಲು ಹುಡುಗರೇ ಆರಿಸಿದವನು ಯಾರೂ ಇಲ್ಲ. ಯುಜಿಸಿಯ 2023ರ ನಿಯಮದಂತೆ ಖಾಸಗಿ ವಿಶ್ವವಿದ್ಯಾಲಯದಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು, ಅದರ ಮೇಲೆ ಒಬ್ಬ ಒಂಬುಡ್ಸ್‌ಪರ್ಸನ್ ಇರಬೇಕು. ಅಳಿಯನ ಹಾಸ್ಟೆಲಿನ ನೀರಿನ ದೂರು ಹೋಗಬೇಕಿದ್ದುದು ಅಲ್ಲಿಗೆ. ಅಂಥ ಸಮಿತಿ ಇದೆಯೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ಮೇಜಿನ ಹಿಂದಿದ್ದ ಮೂವರಿಗೆ ಗೊತ್ತಿದ್ದಿರಬಹುದು, ಹೇಳಲಿಲ್ಲ.

ಈಗ ಮತ್ತೆ ನಮ್ಮ ಊಟದ ಮೇಜಿಗೆ ಬರೋಣ. ಅಣ್ಣನ ಮಗಳು ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು.

"ಅವರಿಗೆ ಏನು ಬೇಕೋ ಅದೆಲ್ಲಾ ಬರ್ತದವ್ವಾ" ಅಂದೆ. "ಅದಕ್ಕ ಮೊದಲ ರೂಲ್ ಬುಕ್ ಕೇಳೋಣು."

ಅಣ್ಣನಿಗೆ ಸಿಟ್ಟು ಬಂತು. "ಏ, ಸೀಟ್ ಕ್ಯಾನ್ಸಲ್ ಮಾಡಿಸ್ತೀಯೇನೋ ನೀನು? ಎರಡೂವರಿ ಲಕ್ಷ ಕಟ್ಟೇನಿ ಈಗಾಗ್ಲೇ." ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಎರಡು ಎಕರೆ ದ್ರಾಕ್ಷಿ ತೋಟದ ಮೇಲೆ ಸಾಲ ಎತ್ತಿದ ಮನುಷ್ಯ ಮಗಳ ಮಾತಿನ ಹಕ್ಕಿನ ಬಗ್ಗೆ ಯೋಚಿಸಲಿ ಎಂದು ನಾನು ಯಾವ ಮುಖದಿಂದ ಹೇಳಲಿ? ಹೆದರಿಕೆಗೆ ಲೆಕ್ಕವಿದೆ ಅಲ್ಲಿ. ಕಾಲೇಜಿಗೂ ಆ ಲೆಕ್ಕ ಗೊತ್ತು. ಆದ್ದರಿಂದಲೇ ಕರೆಯುವುದು ವಿದ್ಯಾರ್ಥಿಯನ್ನಲ್ಲ, ಪಾಲಕರನ್ನು.

ನಾವು ಮೂವರೂ ಹೋದೆವು. ಕೌಂಟರಿನಲ್ಲಿ ನಿಯಮಾವಳಿ ಕೇಳಿದೆ. ವೆಬ್‌ಸೈಟಿನಲ್ಲಿದೆ ಅಂದರು. ಫೋನಿನಲ್ಲೇ ಹುಡುಕಿದೆ, ಇತ್ತು, ನಲವತ್ತು ಪುಟ. ಶಿಸ್ತು ಕ್ರಮದ ಅಧ್ಯಾಯದಲ್ಲಿ ಲಿಖಿತ ನೋಟಿಸು, ಉತ್ತರಕ್ಕೆ ಏಳು ದಿನ, ವಿಚಾರಣೆ, ಮೇಲ್ಮನವಿ ಎಲ್ಲವೂ ಅಚ್ಚುಕಟ್ಟಾಗಿ ಬರೆದಿತ್ತು. ಮುಚ್ಚಳಿಕೆಯಲ್ಲಿದ್ದ "ತೀರ್ಮಾನವೇ ಅಂತಿಮ" ಎಂಬ ಮಾತು ಅದರಲ್ಲೆಲ್ಲೂ ಇರಲಿಲ್ಲ. ಹುಡುಗಿಗೆ ತೋರಿಸಿದೆ. ಅವಳು ಆ ಪುಟದ ಸ್ಕ್ರೀನ್‌ಶಾಟ್ ತೆಗೆದುಕೊಂಡಳು. ಯಾರಾದರೂ ಕರೆದರೆ ಬಾಯಿಮಾತಿನಲ್ಲಿ ಏನನ್ನೂ ಒಪ್ಪಬೇಡ, ಬರವಣಿಗೆಯಲ್ಲಿ ಕೊಡಿ ಅನ್ನು, ಉತ್ತರವನ್ನೂ ಬರವಣಿಗೆಯಲ್ಲೇ ಕೊಡು, ಮೊದಲ ಫೋನು ನಿಮ್ಮಪ್ಪನಿಗಲ್ಲ, ನನಗೆ ಮಾಡು ಅಂದೆ. ಅಣ್ಣ ಬೇರೆ ಕಡೆ ನೋಡುತ್ತ ನಿಂತಿದ್ದರು.

ಮುಚ್ಚಳಿಕೆಗೆ ಹುಡುಗಿ ಸಹಿ ಮಾಡಿದಳು, ಅಣ್ಣ ಮಾಡಿದರು. ಮೂರನೇ ಗೆರೆಯ ಮೇಲೆ ನಾನೂ ಮಾಡಿದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಒಂ­ದು ಸಾಲು ಬರೆದೆ: ವಿಶ್ವವಿದ್ಯಾಲಯದ ಪ್ರಕಟಿತ ನಿಯಮಾವಳಿ ಮತ್ತು ದೇಶದ ಕಾನೂನಿಗೆ ಒಳಪಟ್ಟು. ಕೋರ್ಟಿನಲ್ಲಿ ಅದಕ್ಕೆಷ್ಟು ಬೆಲೆಯೋ ವಕೀಲರು ಹೇಳಬೇಕು. ಕೌಂಟರಿನ ಹುಡುಗ ಕಾಗದವನ್ನು ತಿರುಗಿಸಿ, ಓದದೆಯೇ ಸಿಕ್ಕಾ ಹೊಡೆದು, "ನೆಕ್ಸ್ಟ್" ಅಂದ.

ಹೊರಗೆ ಮಳೆ ಹನಿಯುತ್ತಿತ್ತು. ರಿಕ್ಷಾಕ್ಕೆ ಕಾಯುತ್ತ ಹುಡುಗಿ ಕೇಳಿದಳು, "ಕಾಕಾ, ಹಾಸ್ಟೆಲ್ ನೀರು ಹೆಂಗದ ಅಂತ ಯಾರನ್ನ ಕೇಳಬೇಕು ಇಲ್ಲಿ?" ಅಳಿಯನ ನಂಬರ್ ಕೊಟ್ಟೆ.